ಟೇಪಿಗೂ ಒಂದು ಕೌಂಟರ್ ನಂಬರ್ ಬೇಕು

ಕಳೆದ ಗುರುವಾರ ಪಾಂಡವಪುರದ ಕಡೆಯ ರೈತರೊಬ್ಬರು ಸರಸ್ವತಿಪುರಂನ ನಮ್ಮ ಆಫೀಸಿಗೆ ಬಂದರು. ಅವರ ಜಮೀನಿನ ಹಳೇ ನಕ್ಷೆಯನ್ನು 2016ರಲ್ಲಿ ನಾವೇ ಸ್ಕ್ಯಾನ್ ಮಾಡಿ ಬ್ಯಾಕಪ್ ಟೇಪಿನಲ್ಲಿ ಇಟ್ಟಿದ್ದೆವು. ಮನೆಯಲ್ಲಿದ್ದ ಕಾಗದವನ್ನು ಗೆದ್ದಲು ತಿಂದಿತ್ತು. "ಅಣ್ಣತಮ್ಮಂದಿರು ಭಾಗ ಆಯ್ತಾ ಇದೀವಿ ಸ್ವಾಮಿ, ಒಂದ್ ಪ್ರಿಂಟ್ ತೆಕ್ಕೊಡಿ" ಅಂದರು.

ಬೇಕಿದ್ದದ್ದು 40 ಎಂಬಿಯ ಒಂದೇ ಫೈಲು. ಯಾವ ಟೇಪು ಅನ್ನುವುದು ಮೇಲಿನ ಚೀಟಿಯಲ್ಲೇ ಇತ್ತು. ಆದರೆ ಟೇಪಿನ ಒಳಗೆ ಎಲ್ಲಿದೆ?

ನಮ್ಮದು ಎಲ್‌ಟಿಒ-5, ಅಂದರೆ ಕಂಪ್ಯೂಟರಿನ ಫೈಲುಗಳನ್ನು ಹಿಡಿದಿಡುವ ಒಂದು ಬಗೆಯ ಮ್ಯಾಗ್ನೆಟಿಕ್ ಟೇಪು. ಒಂದು ಟೇಪಿನ ಉದ್ದ 846 ಮೀಟರ್. ಅದು ತುಂಬಬೇಕಾದರೆ ಈ ತುದಿಯಿಂದ ಆ ತುದಿಗೆ 80 ಸಲ ಓಡುತ್ತದೆ. ಹಿಡಿಯುವುದು 1.5 ಟಿಬಿ. ಡ್ರೈವ್ ಎಲ್ಲೂ ನಿಲ್ಲದೆ ಸೆಕೆಂಡಿಗೆ 140 ಎಂಬಿ ಓದಿದರೂ ಪೂರ್ತಿ ಮುಗಿಯಲು ಮೂರು ಗಂಟೆ ಬೇಕು. ಹಾರ್ಡ್ ಡಿಸ್ಕಿನ ಹಾಗೆ ಬೇಕಾದ ಕಡೆ ತಟ್ಟನೆ ಹೋಗುವುದಕ್ಕೆ ಆಗುವುದಿಲ್ಲ.

ನನ್ನ ಅಪ್ಪ ಮೈಸೂರು ಆಕಾಶವಾಣಿಯ ಹರಿಕಥೆಗಳನ್ನು ಕ್ಯಾಸೆಟ್ಟಿಗೆ ಹಿಡಿದಿಡುತ್ತಿದ್ದರು. ಟೇಪ್ ರೆಕಾರ್ಡರಿನಲ್ಲಿ ಮೂರಂಕಿಯ ಕೌಂಟರ್ ಇರುತ್ತಿತ್ತಲ್ವಾ, ಅದನ್ನು ನೋಡಿಕೊಂಡು ಕವರಿನ ಮೇಲೆ ಪೆನ್ಸಿಲ್‌ನಲ್ಲಿ "ಎ ಸೈಡ್, 214" ಅಂತ ಬರೆಯುತ್ತಿದ್ದರು. ಅವರು ಒಂದು ದಿನವೂ ಸುಮ್ನೆ ಹುಡುಕಿದ್ದನ್ನು ನಾನು ನೋಡಿಲ್ಲ. ಬ್ಯಾಕಪ್‌ನ ಇಂಡೆಕ್ಸ್ ಮಾಡುವುದೂ ಇದೇ ಕೆಲಸ: ಈ ಫೈಲು, ಈ ತಾರೀಖು, ಈ ಟೇಪು, ಇಷ್ಟನೇ ಬ್ಲಾಕು.

ನಾವು ಬಳಸುವ ಬ್ಯಾಕ್ಯುಲಾ ಅನ್ನುವ ಬ್ಯಾಕಪ್ ಸಾಫ್ಟ್‌ವೇರಿನಲ್ಲಿ ಇದಕ್ಕೆ ಕ್ಯಾಟಲಾಗ್ ಅನ್ನುತ್ತಾರೆ. ಅದು ಟೇಪಿನಲ್ಲಿ ಅಲ್ಲ, ಸರ್ವರಿನ ಡೇಟಾಬೇಸಿನಲ್ಲಿ ಇರುತ್ತದೆ. ನಾವಾಗಿ ಬದಲಾಯಿಸದಿದ್ದರೆ ಫೈಲುಗಳ ಪಟ್ಟಿಯನ್ನು 60 ದಿನ, ಜಾಬ್‌ಗಳ (ಅಂದರೆ ಒಂದೊಂದು ಸಲದ ಬ್ಯಾಕಪ್ ಕೆಲಸದ) ದಾಖಲೆಯನ್ನು 180 ದಿನ ಆದಮೇಲೆ ಅದು ಅಳಿಸಬಹುದು. ಡೇಟಾಬೇಸು ಊದಿಕೊಳ್ಳಬಾರದು ಅಂತ ಈ ಏರ್ಪಾಡು. ವರ್ಷಗಟ್ಟಲೆ ಇಡುವ ನಕ್ಷೆಗಳಿಗೆ ಆ ಅವಧಿ ಸಾಲದು. ನಾನು ಅದನ್ನು ಬದಲಾಯಿಸಿರಲಿಲ್ಲ. ಟೇಪು ಭದ್ರವಾಗಿತ್ತು, ಪಟ್ಟಿ ಹೋಗಿತ್ತು.

ಉಳಿದದ್ದು ಬಿಸ್ಕ್ಯಾನ್. ಟೇಪನ್ನು ಮೊದಲಿಂದ ಕೊನೆಯವರೆಗೆ ಓದಿ, ಕ್ಯಾಟಲಾಗನ್ನು ಮತ್ತೆ ಕಟ್ಟುವ ಪ್ರೋಗ್ರಾಂ ಇದು. ಹಾಕುವ ಮೊದಲು ಅವಧಿಯನ್ನು ಹತ್ತು ವರ್ಷದ ಮೇಲಕ್ಕೆ ಏರಿಸಿದೆ. ಹಾಗೆ ಮಾಡದಿದ್ದರೆ ಹಳೇ ತಾರೀಖು ನೋಡಿ, ಈಗ ತಾನೇ ಕಟ್ಟಿದ ಪಟ್ಟಿಯನ್ನೂ ಬ್ಯಾಕ್ಯುಲಾ ಅಳಿಸಿಬಿಡಬಹುದು. ಇದನ್ನು ಯಾರೂ ಮರೆಯಬೇಡಿ.

ರೈತರು ಊಟ ಮುಗಿಸಿ ಬಂದು ಬೆಂಚಿನ ಮೇಲೆ ಕೂತಿದ್ದರು. ನನಗೆ ಅವರ ಮುಖ ನೋಡುವುದೇ ಕಷ್ಟವಾಗಿತ್ತು. ಸಂಜೆ ನಾಲ್ಕೂವರೆಗೆ ಸ್ಕ್ಯಾನ್ ಮುಗಿಯಿತು. ಆಮೇಲೆ ಫೈಲು ಗುರುತು ಮಾಡಿ ರೀಸ್ಟೋರ್ ಒತ್ತಿದೆ. ಟೇಪು ನೇರ ಆ ಜಾಗಕ್ಕೆ ಸುತ್ತಿಕೊಂಡು ಹೋಯಿತು. ಐದು ನಿಮಿಷವೂ ಆಗಲಿಲ್ಲ, ನಕ್ಷೆ ಪ್ರಿಂಟರಿನಿಂದ ಬರುತ್ತಿತ್ತು.

ಎಲ್‌ಟಿಒ-5 ಜೊತೆ 2010ರಲ್ಲಿ ಬಂದ ಎಲ್‌ಟಿಎಫ್‌ಎಸ್ ಅನ್ನುವ, ಟೇಪಿನಲ್ಲಿ ಫೈಲು ಜೋಡಿಸಿಡುವ ವ್ಯವಸ್ಥೆಯಲ್ಲಿ ಇಂಡೆಕ್ಸಿಗೆ ಅಂತ ಟೇಪಿನಲ್ಲೇ ಬೇರೆ ಭಾಗ ಇರುತ್ತದೆ. ಟೇಪು ಎಲ್ಲಿಗೆ ಹೋದರೂ ಪಟ್ಟಿ ಜೊತೆಗೇ ಹೋಗುತ್ತದೆ. ಹೊಸ ಕೆಲಸಗಳಿಗೆ ನನಗೆ ಅದೇ ಇಷ್ಟ. ಹಳೆಯದಕ್ಕೆ ಈಗ ಪ್ರತಿ ರಾತ್ರಿ ಎಲ್ಲಾ ಜಾಬ್ ಮುಗಿದ ಮೇಲೆ ಕ್ಯಾಟಲಾಗನ್ನೂ ಟೇಪಿಗೆ ಬರೆಸುತ್ತಿದ್ದೇನೆ. ಅದು ಯಾವ ಟೇಪಿನ ಯಾವ ಜಾಗದಲ್ಲಿದೆ ಅಂತ ಹೇಳುವ ಬೂಟ್‌ಸ್ಟ್ರಾಪ್ ಫೈಲು ಮತ್ತು ಫೈಲುಗಳ ಪಟ್ಟಿ ಇನ್ನೊಂದು ಕಂಪ್ಯೂಟರಿಗೆ ಹೋಗುತ್ತವೆ.

ಪಟ್ಟಿ ಇಲ್ಲದ 2015–16ರ ಟೇಪುಗಳು ಇನ್ನೂ 11 ಇವೆ. ಈ ಶನಿವಾರ ಮೊದಲನೆಯದನ್ನು ಹಾಕುತ್ತೇನೆ.