ಸೋರಿಕೆ ಒಂದೇ, ಗಡಿಯಾರ ಮೂರು

ಡೇಟಾ ಸೋರಿದರೆ ಯಾರಿಗೆ, ಎಷ್ಟು ಹೊತ್ತಿನೊಳಗೆ ಹೇಳಬೇಕು? ಒಂದೇ ಘಟನೆಗೆ ನಮ್ಮಲ್ಲಿ ಮೂರು ಉತ್ತರಗಳಿವೆ, ಮೂರೂ ಸರಿ. ಬ್ಯಾಂಕೊಂದಕ್ಕೆ ಸಾಫ್ಟ್‌ವೇರ್ ನಡೆಸಿಕೊಡುವ ಬೆಂಗಳೂರಿನ ಒಂದು ಕಂಪನಿ ಇದೆ ಅಂದುಕೊಳ್ಳಿ. ಗ್ರಾಹಕರ ವಿವರಗಳು ಸರ್ವರ್‌ನಿಂದ ಹೊರಗೆ ಹೋಗುತ್ತಿರುವುದು ರಾತ್ರಿ 11:40ಕ್ಕೆ ಅಲ್ಲಿನ ಎಂಜಿನಿಯರ್ ಕಣ್ಣಿಗೆ ಬಿತ್ತು.

ಮೊದಲ ಗಡಿಯಾರ ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ದು. 2022ರ ಏಪ್ರಿಲ್ 28ರ ನಿರ್ದೇಶನದಂತೆ, ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಹೋಗಬೇಕು. ಕಂಡವರೇ ಹೇಳಬೇಕು, ‘ನಮ್ಮ ಪರವಾಗಿ ಬ್ಯಾಂಕ್ ನೋಡಿಕೊಳ್ಳುತ್ತದೆ’ ಎಂದು ಒಪ್ಪಂದದಲ್ಲಿ ಬರೆದುಕೊಂಡರೂ ಹೊಣೆ ತಪ್ಪುವುದಿಲ್ಲ. ಆದರೆ 6 ಗಂಟೆಯಲ್ಲಿ ಪೂರ್ತಿ ತನಿಖೆಯನ್ನು ಯಾರೂ ಕೇಳುತ್ತಿಲ್ಲ. ಕೈಯಲ್ಲಿರುವಷ್ಟು ಕೊಟ್ಟು ಉಳಿದದ್ದನ್ನು ಆಮೇಲೆ ಕಳಿಸಬಹುದು. ಇದು ಗೊತ್ತಿಲ್ಲದೆ ‘ಎಲ್ಲ ತಿಳಿದ ಮೇಲೆ ಹೇಳೋಣ’ ಎಂದು ಕಾಯುತ್ತಾ ಗಡುವು ಮೀರಿಸಿಕೊಳ್ಳುವವರೇ ಹೆಚ್ಚು.

ಎರಡನೆಯದು ಆರ್‌ಬಿಐ ಗಡಿಯಾರ. ನಿಜವಾದ ತೊಡಕು ಇರುವುದು ಇಲ್ಲಿ. ಐಟಿ ಹೊರಗುತ್ತಿಗೆ ಕುರಿತ 2023ರ ಏಪ್ರಿಲ್‌ನ ನಿರ್ದೇಶನದ ಪ್ರಕಾರ ವರದಿ ಮಾಡಬೇಕಾದದ್ದು ಬ್ಯಾಂಕ್, ಆದರೆ 6 ಗಂಟೆಯ ಲೆಕ್ಕ ಶುರುವಾಗುವುದು ಹೊರಗುತ್ತಿಗೆ ಕಂಪನಿ ಪತ್ತೆ ಮಾಡಿದ ಕ್ಷಣದಿಂದ. ಕಂಪನಿ ಒಳಗೊಳಗೇ ಮೀಟಿಂಗ್ ಮಾಡಿ ಬೆಳಗಿನ ಜಾವ 4ಕ್ಕೆ ಬ್ಯಾಂಕಿಗೆ ಫೋನ್ ಮಾಡಿದರೆ, ಬ್ಯಾಂಕಿಗೆ ಉಳಿಯುವುದು 1 ಗಂಟೆ 40 ನಿಮಿಷ. ‘24 ಗಂಟೆಯೊಳಗೆ ತಿಳಿಸತಕ್ಕದ್ದು’ ಎಂಬ ಹಳೆಯ ಷರತ್ತು ನಿಮ್ಮ ಒಪ್ಪಂದದಲ್ಲಿ ಇನ್ನೂ ಉಳಿದಿದ್ದರೆ ಇವತ್ತೇ ತೆಗೆಸಿ. 1 ಗಂಟೆ ಎಂದು ಬರೆಸಿ, ರಾತ್ರಿ ಫೋನ್ ಎತ್ತುವವರ ನಂಬರನ್ನೂ ಸೇರಿಸಿ.

ಮೂರನೆಯದು ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯದು. ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಸೋರಿಕೆಯ ಭಾಗ ಜಾರಿಯಾಗುವುದು 18 ತಿಂಗಳ ನಂತರ, 2027ರ ಮೇನಲ್ಲಿ. ಇಲ್ಲಿ ಹೊಣೆ ಬ್ಯಾಂಕಿನದು, ಲೆಕ್ಕ ಬ್ಯಾಂಕಿಗೆ ತಿಳಿದ ಹೊತ್ತಿನಿಂದ. ದತ್ತಾಂಶ ಸಂರಕ್ಷಣಾ ಮಂಡಳಿಗೆ ತಡಮಾಡದೆ ಮೊದಲ ಸುದ್ದಿ, 72 ಗಂಟೆಯೊಳಗೆ ವಿವರ, ಜೊತೆಗೆ ಬಾಧಿತರಾದ ಪ್ರತಿಯೊಬ್ಬ ಗ್ರಾಹಕರಿಗೂ ಸೂಚನೆ. ಸಣ್ಣದು, ದೊಡ್ಡದು ಎಂಬ ವಿನಾಯಿತಿ ಇಲ್ಲ. ಹೇಳದೆ ಬಿಟ್ಟರೆ ದಂಡ 200 ಕೋಟಿ ರೂಪಾಯಿವರೆಗೆ.

ಗಡುವುಗಳು ಬೇರೆಬೇರೆ ಇರುವುದು ಅಷ್ಟೇನೂ ಸಮಸ್ಯೆಯಲ್ಲ. ಅತಿ ಚಿಕ್ಕದನ್ನು ಹಿಡಿದು ನಡೆದರಾಯಿತು. ಪೇಚಾಟವೆಲ್ಲ ಕೇಳುವ ವಿಷಯಗಳದು. ಸರ್ಟ್-ಇನ್‌ಗೆ ಬೇಕಾದದ್ದು ಐಪಿ ವಿಳಾಸ, ದಾಳಿಯ ಬಗೆ. ಆರ್‌ಬಿಐಗೆ ಬ್ಯಾಂಕ್ ಸೇವೆಗೆ ಬಿದ್ದ ಪೆಟ್ಟು ಮುಖ್ಯ. ಮಂಡಳಿ ಕೇಳುವುದು ಜನರಿಗೆ ಆಗುವ ತೊಂದರೆ. ಮೂರು ತಂಡ ಮೂರು ಅರ್ಜಿ ತುಂಬುವಾಗ ಒಂದರಲ್ಲಿ ‘ಅನಧಿಕೃತ ಪ್ರವೇಶ’, ಇನ್ನೊಂದರಲ್ಲಿ ‘ತಾಂತ್ರಿಕ ದೋಷ’ ಎಂದಾಗಿಬಿಡುತ್ತದೆ. ಕಚೇರಿಗಳು ಆಮೇಲೆ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ, ಮುಚ್ಚಿಟ್ಟಂತೆ ಕಾಣುವುದು ಇದೇ.

ಸಮಯದ ಗೊಂದಲ ಇನ್ನೂ ಕೆಟ್ಟದ್ದು. ಕ್ಲೌಡ್ ಲಾಗ್‌ಗಳು, ಅಂದರೆ ಸರ್ವರ್‌ನಲ್ಲಿ ಏನೇನು ನಡೆಯಿತೆಂಬ ದಾಖಲೆಗಳು, ಸಾಮಾನ್ಯವಾಗಿ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿರುವ ಅಂತರರಾಷ್ಟ್ರೀಯ ಸಮಯ ಯುಟಿಸಿಯಲ್ಲಿರುತ್ತವೆ. ನಮ್ಮ 11:40 ಅಲ್ಲಿ 18:10. ಅದನ್ನೇ ಭಾರತದ ಸಮಯವೆಂದು ನಕಲು ಮಾಡಿದರೆ ಸಂಜೆ 6:10ಕ್ಕೇ ಪತ್ತೆಯಾದಂತೆ, ಗಡುವು ನಡುರಾತ್ರಿ 12:10ಕ್ಕೇ ಮುಗಿದಂತೆ. ಬೆಳಗಿನ ಜಾವ 5ಕ್ಕೆ ಸರಿಯಾಗಿಯೇ ಕಳಿಸಿದ ವರದಿ ಹಾಳೆಯ ಮೇಲೆ ಸುಮಾರು 5 ಗಂಟೆ ತಡ! ಸರ್ವರ್ ಗಡಿಯಾರಗಳನ್ನು ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿಸಿ ಎಂದು ಸರ್ಟ್-ಇನ್ ಹೇಳಿರುವುದು ಸರಿಯೇ, ಆದರೆ ಈ ನಕಲಿನ ತಪ್ಪಿಗೆ ಅದು ಮದ್ದಲ್ಲ. ಪ್ರತಿ ಸಮಯದ ಮುಂದೆ ಐಎಸ್‌ಟಿಯೋ (ಭಾರತದ ಸಮಯ) ಯುಟಿಸಿಯೋ ಬರೆಯಿರಿ.

ಲಾಗ್ ಎಷ್ಟು ದಿನ ಇಡಬೇಕು? ಸರ್ಟ್-ಇನ್ 180 ದಿನ ಎನ್ನುತ್ತದೆ, ದತ್ತಾಂಶ ಕಾಯ್ದೆಯ ಹೊಸ ನಿಯಮ 1 ವರ್ಷ. ಎರಡಕ್ಕೂ ಸಲ್ಲುವಂತೆ 1 ವರ್ಷ ಇಡಿ.

ಕಚೇರಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡರೆ ಈ ಪೇಚಾಟ ತಪ್ಪದೇ? ಬೇರೆ ಕಡೆ ಅಂಥ ದಾರಿ ಇದೆ: ಸ್ಪರ್ಧಾ ಕಾಯ್ದೆಯ 21 ಮತ್ತು 21ಎ ಸೆಕ್ಷನ್‌ಗಳಲ್ಲಿ ಸ್ಪರ್ಧಾ ಆಯೋಗ ಮತ್ತು ಇತರ ಪ್ರಾಧಿಕಾರಗಳು ಪರಸ್ಪರ ಅಭಿಪ್ರಾಯ ಕೇಳಿ 60 ದಿನದಲ್ಲಿ ಪಡೆಯುವ ದಾರಿ ಇದೆ. ಆದರೆ ದತ್ತಾಂಶ ಕಾಯ್ದೆಯ 38ನೇ ಸೆಕ್ಷನ್ ಹೇಳುವುದು ಇಷ್ಟೇ: ಬೇರೆ ಕಾನೂನುಗಳ ಜೊತೆಗೆ ಇದೂ ಇರುತ್ತದೆ, ಘರ್ಷಣೆ ಬಂದರೆ ಇದೇ ಮೇಲು. 6 ಗಂಟೆಗೂ 72 ಗಂಟೆಗೂ ಘರ್ಷಣೆಯೇ ಇಲ್ಲವಲ್ಲ, ಹಾಗಾಗಿ ಎರಡೂ ಉಳಿಯುತ್ತವೆ. ಯುರೋಪ್ ಒಕ್ಕೂಟದ ಆಯೋಗ 2025ರ ನವೆಂಬರ್‌ನಲ್ಲಿ ಹಲವು ಕಾನೂನುಗಳ ವರದಿಗೂ ಒಂದೇ ಕಿಂಡಿ ಇರಲಿ ಎಂದು ಪ್ರಸ್ತಾಪಿಸಿತು. ನಮ್ಮಲ್ಲಿ ಕಿಂಡಿ ಒಂದಾಗದಿದ್ದರೂ ಚಿಂತೆಯಿಲ್ಲ, ಅರ್ಜಿಯ ಮೊದಲ ಪುಟವಾದರೂ ಒಂದೇ ಆಗಲಿ ಎಂಬುದು ನನ್ನ ಆಸೆ.

ಅಲ್ಲಿಯವರೆಗೆ ಆ ಪುಟವನ್ನು ನೀವೇ ಮಾಡಿಕೊಳ್ಳಿ: ಯಾವಾಗ ಆಯಿತು, ಯಾವಾಗ ಕಂಡಿತು, ಯಾರು ಕಂಡರು, ಯಾವ ವ್ಯವಸ್ಥೆ, ಯಾವ ಮಾಹಿತಿ, ಎಷ್ಟು ಜನರದು, ಈವರೆಗೆ ಏನು ಮಾಡಿದ್ದೀರಿ. ತಿದ್ದುವ ಅಧಿಕಾರ ಒಬ್ಬರಿಗೇ ಇರಲಿ, ಮೂರು ಅರ್ಜಿಗಳೂ ಅದರಿಂದಲೇ ಹುಟ್ಟಲಿ. ಗ್ರಾಹಕರ ಸಂಖ್ಯೆ ಮೂರನೇ ದಿನ 4,000ದಿಂದ 9,000ಕ್ಕೆ ಏರಿದರೆ ತಿದ್ದುಪಡಿ ಮೂರೂ ಕಡೆಗೆ ಅದೇ ದಿನ ಹೋಗಬೇಕು. ಮಂಡಳಿಗೊಂದೇ ಕಳಿಸಿ ಸುಮ್ಮನಾಗಬೇಡಿ.