ಪಿಟೀಲಿನ ಹೊಟ್ಟೆಯೊಳಗಿನ ಚೀಟಿ

ಚಿಕ್ಕಂದಿನಲ್ಲಿ ನಾನು ಅಭ್ಯಾಸ ಮಾಡುತ್ತಿದ್ದ ಪಿಟೀಲಿನ ಎಫ್ ಆಕಾರದ ಸೀಳಿನೊಳಗೆ ಟಾರ್ಚು ಬಿಟ್ಟು ನೋಡಿದಾಗ, ಹಳದಿಗಟ್ಟಿದ ಚೀಟಿಯೊಂದರಲ್ಲಿ ಇಟಲಿಯ ಹೆಸರಾಂತ ಪಿಟೀಲು ತಯಾರಕ ಸ್ಟ್ರಾಡಿವೇರಿಯ ಹೆಸರೂ ಅದರ ಮುಂದೆ 17 ಎಂಬ ಅರ್ಧ ಇಸವಿಯೂ ಕಂಡವು. ನಿಧಿಯೇ ಸಿಕ್ಕಿತೆಂದು ಓಡಿಹೋಗಿ ಹೇಳಿದರೆ ಗುರುಗಳು ನಕ್ಕು, ಕಾರ್ಖಾನೆಯ ಪಿಟೀಲುಗಳಲ್ಲಿ ಇಂಥ ಚೀಟಿ ಲೆಕ್ಕವಿಲ್ಲದಷ್ಟು ಸಿಗುತ್ತವೆ ಎಂದರು. ಅಸಲಿ ಚೀಟಿಗಳ ಹಿಂದಿನ ಮನೆತನಗಳ ವಿಚಾರ ನನಗೆ ತಿಳಿದದ್ದು ಬಹಳ ತಡವಾಗಿ.

ಉತ್ತರ ಇಟಲಿಯ ಕ್ರೆಮೋನಾದಲ್ಲಿ 16ನೆಯ ಶತಮಾನದ ನಡುಭಾಗದಲ್ಲಿ ಪಿಟೀಲಿಗೆ ಇಂದಿನ ರೂಪ ಕೊಟ್ಟವರಲ್ಲಿ ಆಂದ್ರೆಯಾ ಅಮಾಟಿ ಮೊದಲಿಗನು. ಮಕ್ಕಳಾದ ಆಂಟೋನಿಯೊ ಮತ್ತು ಜಿರೋಲಾಮೊ ಕಸುಬನ್ನು ಮುಂದುವರಿಸಿದರು. 1630ರ ಪ್ಲೇಗಿಗೆ ಜಿರೋಲಾಮೊ ಬಲಿಯಾದ ಮೇಲೆ ಆ ಊರಿನಲ್ಲಿ ಈ ವಿದ್ಯೆ ಬಲ್ಲವನಾಗಿ ಹೆಚ್ಚುಕಡಿಮೆ ಅವನ ಮಗ ನಿಕೋಲೊ ಒಬ್ಬನೇ ಉಳಿದನು. ಪಿಟೀಲಿನ ಇತಿಹಾಸದ ದೊಡ್ಡ ತಿರುವು ಸ್ಟ್ರಾಡಿವೇರಿಯೆಂದು ಎಲ್ಲರೂ ಹೇಳುತ್ತಾರೆ; ನನ್ನನ್ನು ಕೇಳಿದರೆ, ನಿಕೋಲೊ ತನ್ನ ಮನೆತನಕ್ಕೆ ಸೇರದ ಹುಡುಗರನ್ನು ಕೆಲಸಕ್ಕೆ ಸೇರಿಸಿಕೊಂಡದ್ದೇ ಆ ತಿರುವು. ಹಾಗೆ ಬಂದ ಆಂದ್ರೆಯಾ ಗ್ವಾರ್ನೇರಿ ಅಮಾಟಿಗಳ ಮನೆಯಲ್ಲೇ ಉಂಡು, ಕಲಿತು, ಬಳಿಕ ತನ್ನದೇ ಪರಂಪರೆ ಕಟ್ಟಿದನು. ಅವನ ಮೊಮ್ಮಗ, 'ದೆಲ್ ಜೆಸು' ಎಂದು ಹೆಸರಾದ ಜುಸೆಪ್ಪೆ, 1743ರಲ್ಲಿ ಮಾಡಿದ ಪಿಟೀಲನ್ನೇ ಹೆಸರಾಂತ ಪಿಟೀಲುವಾದಕ ಪಗನೀನಿ 'ಫಿರಂಗಿ' ಎಂದು ಕರೆದು, ಸಾಯುವಾಗ ತನ್ನ ಹುಟ್ಟೂರಾದ ಜಿನೋವಾಕ್ಕೆ ಬಿಟ್ಟುಹೋದನು. 1666ರ ಪಿಟೀಲೊಂದರ ಚೀಟಿಯಲ್ಲಿ ಸ್ಟ್ರಾಡಿವೇರಿಯನ್ನೂ ನಿಕೋಲೊನ ಶಿಷ್ಯನೆಂದೇ ಬರೆದಿದೆ, ಅದರ ಬಗ್ಗೆ ಪಂಡಿತರ ತಕರಾರು ಇದ್ದರೂ.

ಇವರ ಕೈಚಳಕವನ್ನು ಹತ್ತಿರದಿಂದ ನೋಡಬೇಕು. ಅಂಚಿನುದ್ದಕ್ಕೂ ಬಣ್ಣದಲ್ಲಿ ಎಳೆದಂತೆ ಕಾಣುವ ಗೆರೆಯು ವಾಸ್ತವವಾಗಿ ತೆಳುವಾದ ತೋಡಿನಲ್ಲಿ ಕೂರಿಸಿದ ಕಪ್ಪು, ಬಿಳಿ, ಕಪ್ಪು ಮರದ ಮೂರು ಎಳೆಗಳು. ಅಂಚಿನಲ್ಲಿ ಬಿಟ್ಟ ಬಿರುಕು ಒಳಕ್ಕೆ ಹರಿಯದಂತೆ ಅದು ತಡೆಯುತ್ತದೆ. ಮೇಲಿನ ಸ್ಪ್ರೂಸ್ ಹಲಗೆಗೂ ಕೆಳಗಿನ ಮೇಪಲ್ ಹಲಗೆಗೂ ನಡುವೆ, ಅಂಟಿನ ಹಂಗಿಲ್ಲದೆ ಒತ್ತಡದಿಂದಲೇ ನಿಲ್ಲುವ ಪುಟ್ಟ ಕಡ್ಡಿಯೊಂದಿದೆ. ಇಟಲಿಯವರು ಅದನ್ನು 'ಆನಿಮಾ', ಎಂದರೆ ಆತ್ಮ, ಎನ್ನುತ್ತಾರೆ. ನನ್ನ ಪಿಟೀಲಿನಲ್ಲಿ ಅದು ಒಮ್ಮೆ ಬಿದ್ದು ಒಳಗೆ ಗಲಗಲ ಉರುಳಿದಾಗ ತಂತಿಗಳೆಲ್ಲ ನೆಟ್ಟಗಿದ್ದರೂ ನಾದವೇ ಸೊರಗಿಹೋಗಿತ್ತು. ಆ ಹೆಸರು ಅತಿಶಯೋಕ್ತಿಯಲ್ಲವೆಂದು ನನಗೆ ಮನವರಿಕೆಯಾದದ್ದು ಆಗಲೇ.

ಸ್ಟ್ರಾಡಿವೇರಿ ತೊಂಬತ್ತು ದಾಟಿದ ಮೇಲೂ ಉಳಿ ಕೆಳಗಿಡಲಿಲ್ಲ. 1737ರಲ್ಲಿ ಅವನು ತೀರಿಕೊಂಡಾಗ, ಬದುಕೆಲ್ಲ ಅವನ ಕೈಕೆಳಗೇ ದುಡಿದಿದ್ದ ಮಕ್ಕಳು ಫ್ರಾಂಚೆಸ್ಕೊ ಮತ್ತು ಒಮೊಬೊನೊ ತಾವೇ ಮುದುಕರಾಗಿದ್ದರು. ಒಮೊಬೊನೊ 1742ರಲ್ಲಿ ಹೋದನು, ಫ್ರಾಂಚೆಸ್ಕೊ ಮರುವರ್ಷ. ಉಳಿದ ಅಚ್ಚುಗಳನ್ನೂ ಹತಾರಗಳನ್ನೂ ಜವಳಿ ವ್ಯಾಪಾರಿಯಾಗಿದ್ದ ಇನ್ನೊಬ್ಬ ಮಗ ಪಾವೊಲೊ, ಕೌಂಟ್ ಕೊಜಿಯೊ ಎಂಬ ಸಂಗ್ರಾಹಕನಿಗೆ ಮಾರಲು ಒಪ್ಪಿದನು. ಅವುಗಳಲ್ಲಿ ಬಹಳಷ್ಟನ್ನು ಇಂದು ಕ್ರೆಮೋನಾದ ಪಿಟೀಲು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು. ಆ ಇಬ್ಬರು ಮಕ್ಕಳ ಸ್ವಂತ ಹೆಸರಿನ ಚೀಟಿಯಿರುವ ಪಿಟೀಲುಗಳು ಮಾತ್ರ ಎಲ್ಲೋ ಕೆಲವು.