ಹುಲ್ಲುಗಾವಲಿನ ಒಂದು ದಿನ, ಎರಡು ತೋಟಾ

ಅಮೆರಿಕದ ದಕ್ಷಿಣ ಡಕೋಟಾ, ಬ್ಯಾಡ್‌ಲ್ಯಾಂಡ್ಸ್ ಸಮೀಪದ ಒಂದು ದನದ ರ‍್ಯಾಂಚ್. ಜೂನ್ ಕೊನೆಯ ವಾರ, ಬೆಳಗ್ಗೆ 7 ಗಂಟೆ. ಹುಲ್ಲಿನ ಎಸಳೂ ಅಲುಗುತ್ತಿರಲಿಲ್ಲ. ಎದುರಿನ ಬಯಲಿನ ತುಂಬ ಪ್ರೇರಿ ಡಾಗ್‌ಗಳ ಬಿಲ. ಹೆಸರಿನಲ್ಲಿ ನಾಯಿ ಇದ್ದರೂ ಇದು ಅಳಿಲಿನ ಜಾತಿ. ಕಿಲೋ ತೂಕದ ಪ್ರಾಣಿ. ಬಿಲದ ಬಾಯಲ್ಲಿ ನೆಟ್ಟಗೆ ನಿಂತಾಗ ಕಾಣುವ ಅಗಲ ಮೂರು–ನಾಲ್ಕು ಇಂಚು, ಅಷ್ಟೇ. ಇದರ ಬೇಟೆಗೆ ತೋಟಾ ಆರಿಸುವಾಗ ಮೊದಲು ತಲೆಯಲ್ಲಿರಬೇಕಾದದ್ದು ಈ ಅಳತೆ.

ಬೆಂಚಿನ ಮೇಲೆ ಎರಡು ರೈಫಲ್. ಒಂದು .20 ಪ್ರಾಕ್ಟಿಕಲ್, ಇನ್ನೊಂದು .22-250 ಆಕ್ಲಿ ಇಂಪ್ರೂವ್ಡ್ (ಮುಂದೆ ಬರೀ ಆಕ್ಲಿ). ಎರಡೂ ವೈಲ್ಡ್‌ಕ್ಯಾಟ್. ಅಂದರೆ ಕಾರ್ಖಾನೆಯ ತೋಟಾದ ಹಿತ್ತಾಳೆ ಕೇಸನ್ನೇ ತೆಗೆದುಕೊಂಡು, ಕತ್ತು ಕಿರಿದು ಮಾಡಿಯೋ ಹೆಗಲು (ಕತ್ತಿನ ಕೆಳಗಿನ ಇಳಿಜಾರು) ಬದಲಿಸಿಯೋ ತಯಾರಿಸಿಕೊಂಡ ತೋಟಾ. ಯಾವ ಮಾನಕ ಸಂಸ್ಥೆಯ ಅಳತೆಪಟ್ಟಿಯಲ್ಲೂ ಇರುವುದಿಲ್ಲ. ಆಕ್ಲಿಯ ಮೂಲವಾದ .22-250 ಕೂಡ ಹೀಗೇ .250 ಸ್ಯಾವೇಜ್ ಕೇಸಿನಿಂದ ಹುಟ್ಟಿದ್ದು. 1965ರಲ್ಲಿ ರೆಮಿಂಗ್ಟನ್ ಕಂಪನಿ ಅದನ್ನು ಕೈಗೆತ್ತಿಕೊಳ್ಳುವವರೆಗೆ ಅದೂ ವೈಲ್ಡ್‌ಕ್ಯಾಟೇ. ಮಲೆನಾಡು, ಕೊಡಗಿನ ತೋಟಾ ಕೋವಿ ನೋಡಿದವರು ಒಂದು ವ್ಯತ್ಯಾಸ ಗಮನಿಸಬೇಕು: ಅದು ಚರೆ ಹಾರಿಸುವ ನುಣುಪು ನಳಿಗೆ. ಇಲ್ಲಿ ಗುಂಡನ್ನು ಸುತ್ತಿಸುವ, ನಳಿಗೆಯೊಳಗಿನ ತಿರುವುಗೆರೆಯೇ ಎಲ್ಲವನ್ನೂ ನಿರ್ಧರಿಸುತ್ತದೆ.

ಬೆಳಗಿನ ಮೊದಲ ಮೂರು ತಾಸು .20 ಪ್ರಾಕ್ಟಿಕಲ್‌ನದು. .223 ರೆಮಿಂಗ್ಟನ್ ಕೇಸಿನ ಕತ್ತನ್ನು .204 ಇಂಚಿನ ಗುಂಡಿಗೆ ಇಳಿಸಿದರೆ ಇದು ಸಿದ್ಧ. ಹೆಗಲು ಮೊದಲಿನದೇ, ಒಮ್ಮೆ ಹಾರಿಸಿ ಕೇಸಿಗೆ ಹೊಸ ಆಕಾರ ಕೊಡುವ ಕೆಲಸವಿಲ್ಲ. ಒದೆತ ಎಷ್ಟು ಕಡಿಮೆಯೆಂದರೆ ಗುಂಡು ತಾಗಿದ್ದು ದುರ್ಬೀನಿನಲ್ಲೇ ಕಾಣುತ್ತದೆ. ತಪ್ಪಿದರೆ ಮಣ್ಣು ಎಡಕ್ಕೆ ಎದ್ದಿತೋ ಬಲಕ್ಕೋ ಎಂದು ಪಕ್ಕದವರನ್ನು ಕೇಳಬೇಕಿಲ್ಲ. ದಿನಕ್ಕೆ ಇನ್ನೂರು ಮುನ್ನೂರು ಈಡು ಹಾರಿಸುವ ಜಾಗದಲ್ಲಿ ಈ ಒಂದು ಗುಣ ವೇಗಕ್ಕಿಂತ ದೊಡ್ಡದು. ಅದರ ಪಕ್ಕದ ಆಕ್ಲಿ ಪ್ರತಿ ಈಡಿಗೆ ಸುಮಾರು ಒಂದೂವರೆ ಪಟ್ಟು ಮದ್ದು ಸುಡುತ್ತದೆ. ಹದಿನೈದು ಇಪ್ಪತ್ತು ಈಡಿಗೇ ನಳಿಗೆ ಮುಟ್ಟಲಾರದಷ್ಟು ಕಾದು, ಅದರಿಂದ ಏಳುವ ಬಿಸಿಗಾಳಿ ದುರ್ಬೀನಿನಲ್ಲಿ ಗುರಿಯನ್ನು ಕುಣಿಸತೊಡಗುತ್ತದೆ. ಕಾದ ನಳಿಗೆಯಲ್ಲೇ ಹಾರಿಸುತ್ತ ಹೋದರೆ ತಿರುವುಗೆರೆ ಶುರುವಾಗುವ ಗಂಟಲು ಬೇಗ ಸವೆಯುತ್ತದೆ.

ಕತ್ತು ಇಳಿಸುವುದು ಸುಲಭವೆಂದು ಒಂದೇ ಏಟಿಗೆ ಇಳಿಸಬಾರದು. .223 ಕೇಸಿನ ಸುಮಾರು 0.250 ಇಂಚಿನ ಕತ್ತನ್ನು ಮೊದಲು 0.240ರ ಬುಶಿಂಗಿನಲ್ಲಿ (ಕತ್ತನ್ನು ಒತ್ತಿ ಕಿರಿದು ಮಾಡುವ ಬಳೆ), ಆಮೇಲೆ 0.227ರದರಲ್ಲಿ ಎಳೆಯಬೇಕು, ಇಲ್ಲವಾದರೆ ಕತ್ತು ಸೊಟ್ಟಗಾಗುತ್ತದೆ. ಕತ್ತಿನ ಗೋಡೆ 0.0125 ಇಂಚು ಇದ್ದರೆ, ಗುಂಡು ಕೂರಿಸಿದ ಮೇಲೆ ಹೊರವ್ಯಾಸ 0.229. ನಳಿಗೆಯಲ್ಲಿ ತೋಟಾ ಕೂರುವ ಚೇಂಬರಿನಲ್ಲಿ ಆ ಜಾಗ ಕನಿಷ್ಠ 0.232 ಇರಲೇಬೇಕು. ಕಿರಿದು ಮಾಡಿದಾಗ ಹಿತ್ತಾಳೆ ಸ್ವಲ್ಪ ದಪ್ಪವಾಗುತ್ತದೆ. ಬೇರೆ ಕಂಪನಿಯ ಕೇಸು ಬೆರೆತರೆ ಇನ್ನೂ ದಪ್ಪ. ಆಗ ಹಿಗ್ಗಿ ಗುಂಡನ್ನು ಬಿಡಲು ಕತ್ತಿಗೆ ಜಾಗವೇ ಇರುವುದಿಲ್ಲ, ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ. ಪ್ರತಿ ಹೊಸ ಕಟ್ಟಿನಿಂದ ಹತ್ತು ತೋಟಾವನ್ನಾದರೂ ಮೈಕ್ರೊಮೀಟರಿನಲ್ಲಿ ಅಳೆಯದೆ ಚೇಂಬರಿಗೆ ಹಾಕಬೇಡಿ.

ಹತ್ತೂವರೆಗೆ ಪಶ್ಚಿಮದಿಂದ ಗಾಳಿ ಎದ್ದಿತು. ಹತ್ತಿರದ ಬಿಲಗಳೂ ಅಷ್ಟೊತ್ತಿಗೆ ಖಾಲಿ. ಉಳಿದದ್ದು 400 ಗಜದಾಚೆಯವು. ಗಂಟೆಗೆ 10 ಮೈಲಿಯ ಅಡ್ಡಗಾಳಿ 40 ಗ್ರೇನಿನ (ಸುಮಾರು 2.6 ಗ್ರಾಂ) .20 ಗುಂಡನ್ನು 400 ಗಜದಲ್ಲಿ ಸುಮಾರು 15 ಇಂಚು ತಳ್ಳುತ್ತದೆ. ಆಕ್ಲಿಯಿಂದ ಹೊರಟ 80 ಗ್ರೇನಿನ ನೀಳ ಗುಂಡನ್ನು ತಳ್ಳುವುದು ಎಂಟೊಂಬತ್ತು ಇಂಚು. ಗಾಳಿಯ ಅಂದಾಜು ಎರಡು ಮೈಲಿ ತಪ್ಪಿದರೆ ಮೊದಲನೆಯದು ಮೂರು ಇಂಚು ಜರುಗಿ ಪ್ರಾಣಿಯನ್ನೇ ದಾಟಿಹೋಗುತ್ತದೆ, ಎರಡನೆಯದು ಇನ್ನೂ ಅಂಚಿನೊಳಗೇ ಇರುತ್ತದೆ. ಮಧ್ಯಾಹ್ನವಿಡೀ ಕಂಡದ್ದೂ ಇದೇ. ಆದರೆ ಆ ಭಾರದ ಗುಂಡಿಗೆ ತಿರುವುಗೆರೆ 8 ಇಂಚಿಗೊಂದು ಸುತ್ತು ಹಾಕುವ ನಳಿಗೆ ಬೇಕು. ಹಳೆಯ .22-250 ನಳಿಗೆಗಳದು 14 ಇಂಚಿಗೊಂದು. ಅದರಲ್ಲಿ ಹಾರಿಸಿದರೆ ಗುಂಡು ಅಡ್ಡಡ್ಡ ಹೋಗಿ ಕಾಗದದಲ್ಲಿ ಉದ್ದನೆ ಸೀಳು ಬಿಡುತ್ತದೆ.

ಹಾಗಾಗಿ ನನ್ನ ತೀರ್ಮಾನ ಸ್ಪಷ್ಟ: ಒಂದೇ ರೈಫಲ್ ಎಂದಾದರೆ .20 ಪ್ರಾಕ್ಟಿಕಲ್. ಆಕ್ಲಿಯನ್ನು ಗಾಳಿಗೆ, ದೂರಕ್ಕೆ ಮಾತ್ರ ಇಟ್ಟುಕೊಳ್ಳಿ. ಯಾವುದಕ್ಕೂ ಪ್ರಕಟಿತ ಮದ್ದಿನ ಪಟ್ಟಿಯ ಕೆಳತುದಿಯಿಂದ ಶುರುಮಾಡಿ; ಇನ್ನೊಬ್ಬರ ನಳಿಗೆಗೆ ಹೊಂದಿದ ಅಳತೆ ನಿಮ್ಮದಕ್ಕೆ ಹೊಂದಬೇಕೆಂದಿಲ್ಲ.

ಜಾಗದ ವಿಚಾರದಲ್ಲೂ ಎಚ್ಚರ ಬೇಕು. ಹತ್ತಿರದ ಕೊನಾಟಾ ಬೇಸಿನ್‌ನಲ್ಲಿ ಪ್ರೇರಿ ಡಾಗ್ ಈಡಿಗೆ ನಿಷೇಧವಿದೆ; ಅಳಿವಿನಂಚಿನ ಕಪ್ಪುಕಾಲಿನ ಫೆರೆಟ್ ಎಂಬ ಸಣ್ಣ ಮಾಂಸಾಹಾರಿ ಪ್ರಾಣಿ ಇವನ್ನೇ ತಿಂದು ಬದುಕುತ್ತದೆ. ಸತ್ತ ಪ್ರಾಣಿಯಲ್ಲಿ ಉಳಿಯುವ ಸೀಸದ ಚೂರು ಹದ್ದು, ಗಿಡುಗಗಳ ಹೊಟ್ಟೆ ಸೇರುವುದರಿಂದ, ಸೀಸವಿಲ್ಲದ ಗುಂಡು ಹೊಂದುವುದಾದರೆ ಅದೇ ಸರಿ. ಸತ್ತ ಪ್ರಾಣಿಯನ್ನು ಬರಿಗೈಯಲ್ಲಿ ಮುಟ್ಟಲೂಬೇಡಿ, ಇವುಗಳ ಚಿಗಟ ಪ್ಲೇಗ್ ಹರಡುತ್ತದೆ.

ಸಂಜೆ ಕೇಸು ಆಯುವಾಗ ಆಕ್ಲಿಯ ಕೆಲವದರ ತಳದಿಂದ ಕಾಲಿಂಚು ಮೇಲೆ ಹೊಳೆಯುವ ಉಂಗುರ ಕಂಡಿತು. ಕಾಗದದ ಕ್ಲಿಪ್ಪನ್ನು ನೇರ ಮಾಡಿ, ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ಒಳಗೆ ಇಳಿಸಿ ಗೋಡೆಗುಂಟ ಎಳೆದರೆ, ಅದೇ ಎತ್ತರದಲ್ಲಿ ತುದಿ ಸಣ್ಣ ಕುಳಿಗೆ ಬಿದ್ದಂತೆ ತಡೆಯುತ್ತದೆ. ಅಲ್ಲಿ ಹಿತ್ತಾಳೆ ಹಿಗ್ಗಿ ತೆಳುವಾಗಿದೆ. ಹಾರಿಸಿದ ಕೇಸನ್ನು ಮತ್ತೆ ಅಳತೆಗೆ ತರುವ ಅಚ್ಚು (ಡೈ) ಅತಿಯಾಗಿ ಕೆಳಗಿಳಿದು ಹೆಗಲನ್ನು ಐದಾರು ಸಾವಿರಾಂಶ ಇಂಚು ಹಿಂದೆ ತಳ್ಳಿದ್ದೇ ಕಾರಣ. ಒಂದೆರಡು ಸಾವಿರಾಂಶ ಸಾಕಿತ್ತು. ಇನ್ನೊಂದು ಈಡಿಗೆ ಇಂಥ ಕೇಸು ಚೇಂಬರಿನೊಳಗೇ ಎರಡಾಗಬಹುದು. ಬೇರೆಯವರು ಹೆಕ್ಕಿ ಮತ್ತೆ ತುಂಬದಿರಲೆಂದು ಅವುಗಳ ಕತ್ತನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಬೇರೆ ಡಬ್ಬಕ್ಕೆ ಹಾಕಿದ್ದಾಯಿತು.